ದಿ ಬ್ಯಾಂಡ್: ಮೊದಲು ಯಾವ ಆಲ್ಬಮ್ ಕೇಳಬೇಕು?

ರೂಟ್ಸ್ ರಾಕ್, ಅಂದರೆ ಅಮೆರಿಕದ ಹಳೆಯ ಸಂಗೀತದ ಬೇರಿನಿಂದ ಬೆಳೆದ ರಾಕ್, ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ದಿ ಬ್ಯಾಂಡ್ ಅನ್ನುವ ಐವರ ತಂಡ. ಹಳ್ಳಿಗಾಡಿನ ಕಂಟ್ರಿ, ಕರಿಯರ ಸೋಲ್ ಮತ್ತು ಬ್ಲೂಸ್, ಜನಪದದ ಫೋಕ್, ಚರ್ಚಿನ ಗಾಸ್ಪೆಲ್ ಎಲ್ಲವೂ ಇವರಲ್ಲಿ ಬೆರೆತಿದೆ. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಅಂತ ಹೇಳಲಾಗದಷ್ಟು ಬೆರೆತಿದೆ.

ಆದರೆ ಹೆಸರು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. 1968ರಿಂದ 1977ರವರೆಗೆ ಇವರು ಏಳು ಸ್ಟುಡಿಯೋ ಆಲ್ಬಮ್ ತಂದರು. ಅದರ ಜೊತೆಗೆ ಕಛೇರಿಯ ರೆಕಾರ್ಡಿಂಗ್‌ಗಳು, ಒಂದು ಹೆಸರಾಂತ ಸಿನಿಮಾ, ಅಮೆರಿಕದ ಹಾಡುಗಾರ ಬಾಬ್ ಡಿಲನ್ ಜೊತೆಗಿನ ಹಾಡುಗಳು, ಇತ್ತೀಚಿನ ವರ್ಷಗಳ ಹೊಸ ಮಿಕ್ಸ್‌ಗಳು (ಹಳೆಯ ರೆಕಾರ್ಡಿಂಗ್‌ನ ದನಿ, ವಾದ್ಯಗಳನ್ನು ಹೊಸದಾಗಿ ಹೊಂದಿಸಿದ್ದು). ಆ್ಯಪ್‌ನಲ್ಲಿ ಹುಡುಕಿದರೆ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಸುಮ್ನೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡರೆ, 'ಪರವಾಗಿಲ್ಲ, ಆದರೆ ಇಷ್ಟೊಂದು ಹೊಗಳೋದು ಯಾಕೆ' ಅನ್ನಿಸಿ ಬಿಟ್ಟುಬಿಡುವ ಸಾಧ್ಯತೆ ಜಾಸ್ತಿ.

ನಾನು ಇವನ್ನೆಲ್ಲ ಅಳೆಯುವುದು ಒಂದೇ ಅಳತೆಯಿಂದ. ಐದು ಜನ ಒಬ್ಬರನ್ನೊಬ್ಬರು ನೆಚ್ಚಿಕೊಂಡು ನುಡಿಸುವುದು ಯಾವ ಆಲ್ಬಮ್‌ನಲ್ಲಿ ಚೆನ್ನಾಗಿ ಕೇಳುತ್ತದೆ? ಈ ತಂಡದ ಹೆಚ್ಚುಗಾರಿಕೆ ಇರುವುದು ಅಲ್ಲೇ. ಮುಂದೆ ನಿಂತು ಹಾಡುವ ಒಬ್ಬ ನಾಯಕ ಇಲ್ಲಿಲ್ಲ. ಅದು ಕೇಳದ ಆಲ್ಬಮ್ ಎಷ್ಟೇ ಚೆಂದ ಇರಲಿ, ಮೊದಲ ಸಲಕ್ಕೆ ಅದು ಬೇಡ.

ಐವರ ಪರಿಚಯ

ಐವರಲ್ಲಿ ನಾಲ್ವರು ಕೆನಡಾದ ಒಂಟಾರಿಯೊ ಪ್ರಾಂತ್ಯದವರು. ಅಮೆರಿಕದ ನೆಲ, ಅಲ್ಲಿನ ರೈತರು, ಅಲ್ಲಿನ ಯುದ್ಧಗಳ ಬಗ್ಗೆ ಇಷ್ಟು ಆಳವಾಗಿ ಹಾಡಿದವರು ಬಹುಪಾಲು ಹೊರಗಿನವರು ಅನ್ನುವುದು ನೆನಪಿರಲಿ.

ಅಮೆರಿಕದವರು ಒಬ್ಬರೇ, ಡ್ರಮ್ಸ್ ನುಡಿಸುತ್ತಿದ್ದ ಲೀವನ್ ಹೆಲ್ಮ್. ಆರ್ಕನ್ಸಾ ರಾಜ್ಯದಲ್ಲಿ ಹತ್ತಿ ಬೆಳೆಯುವವರ ಮನೆಯ ಮಗ. ಅಲ್ಲಿಗೆ ಹತ್ತಿರದ ಹೆಲೆನಾ ಪಟ್ಟಣದ ರೇಡಿಯೋದಲ್ಲಿ 1941ರಿಂದ 'ಕಿಂಗ್ ಬಿಸ್ಕಿಟ್ ಟೈಮ್' ಅನ್ನುವ ಬ್ಲೂಸ್ ಕಾರ್ಯಕ್ರಮ ಬರುತ್ತಿತ್ತು. ಸನ್ನಿ ಬಾಯ್ ವಿಲಿಯಮ್ಸನ್ ಅವರ ಮೌತ್ ಆರ್ಗನ್ ಕೇಳುತ್ತಾ ಲೀವನ್ ಬೆಳೆದರು. ಅವರ ದನಿ ಒರಟು. ಅಗಿದು ಉಗಿದಂತೆ ಮಾತು ಬರುತ್ತದೆ. ಹಳ್ಳಿಯ ಕಥೆ ಹೇಳುವ ಹಾಡುಗಳು ಹೆಚ್ಚಾಗಿ ಅವರ ಪಾಲಿಗೇ.

ಬಾಸ್ ಗಿಟಾರ್ ಮತ್ತು ಪಿಟೀಲು ರಿಕ್ ಡ್ಯಾಂಕೊ ಅವರದು. ಸಿಮ್ಕೊ ಪಟ್ಟಣದ ಕಡೆಯ ತಂಬಾಕು ಸೀಮೆಯಿಂದ ಬಂದವರು. ಕಂಟ್ರಿ ಸಂಗೀತ ಅವರಿಗೆ ಮನೆಯಲ್ಲೇ ಸಿಕ್ಕಿದ್ದು. ಅವರ ದನಿ ಎತ್ತರದಲ್ಲಿ ನಡುಗುತ್ತದೆ. ಇನ್ನೇನು ಶ್ರುತಿ ತಪ್ಪಿತು ಅನ್ನಿಸುತ್ತದೆ, ತಪ್ಪುವುದಿಲ್ಲ.

ಪಿಯಾನೋ ನುಡಿಸುತ್ತಿದ್ದ ರಿಚರ್ಡ್ ಮ್ಯಾನ್ಯುಯೆಲ್ ಚರ್ಚಿನಲ್ಲಿ ಹಾಡಿ ಬೆಳೆದವರು, ಸೋಲ್ ಗಾಯಕ ರೇ ಚಾರ್ಲ್ಸ್ ಅವರನ್ನು ಆರಾಧಿಸಿದವರು. ಸೋಲ್ ಸಂಗೀತ ಈ ತಂಡಕ್ಕೆ ಬಂದದ್ದು ಮುಖ್ಯವಾಗಿ ಅವರ ಗಂಟಲಿನಿಂದ. ಹಾಡುವ ಈ ಮೂವರಲ್ಲಿ ನನಗೆ ಅತಿ ಇಷ್ಟದ ದನಿ ಇದು.

ಆರ್ಗನ್, ಅಕಾರ್ಡಿಯನ್, ಸ್ಯಾಕ್ಸೋಫೋನ್ ಗಾರ್ತ್ ಹಡ್ಸನ್ ಅವರದು. ಶಾಸ್ತ್ರೀಯ ಸಂಗೀತ ಕಲಿತವರು. ರಾಕ್ ತಂಡ ಸೇರಿದ್ದೇನೆ ಅಂದರೆ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ, ಉಳಿದವರಿಗೆ ಸಂಗೀತ ಪಾಠ ಹೇಳುವ ಮೇಷ್ಟ್ರು ಅನ್ನುವ ಲೆಕ್ಕದಲ್ಲಿ 1961ರಲ್ಲಿ ಸೇರಿದರು. ಒಬ್ಬೊಬ್ಬರಿಂದ ವಾರಕ್ಕೆ 10 ಡಾಲರ್ ಪಾಠದ ಫೀಸು! ಗಿಟಾರ್ ರಾಬಿ ರಾಬರ್ಟ್‌ಸನ್ ಅವರದು. ಅವರ ತಾಯಿ ಸಿಕ್ಸ್ ನೇಷನ್ಸ್ ಮೂಲನಿವಾಸಿ ಸಮುದಾಯದವರು. ರಾಬಿ ಗಿಟಾರ್ ಹಿಡಿದದ್ದು ಅಲ್ಲಿನ ಬಂಧುಗಳನ್ನು ನೋಡಿ. ಹೆಚ್ಚಿನ ಹಾಡುಗಳನ್ನು ಬರೆದವರು ಅವರೇ. ಆದರೆ ಹಾಡುಗಾರರಾಗಿ ಅವರು ಹಿಂದೆಯೇ ಉಳಿದರು.

ಮೊದಲು ಇವರು ರಾನಿ ಹಾಕಿನ್ಸ್ ಅನ್ನುವ ರಾಕಬಿಲ್ಲಿ (ಕಂಟ್ರಿ ಬೆರೆತ ರಾಕ್) ಗಾಯಕರಿಗೆ 'ಹಾಕ್ಸ್' ಹೆಸರಿನ ಹಿಮ್ಮೇಳವಾಗಿದ್ದರು. ಟೊರಾಂಟೊದ ಬಾರುಗಳಲ್ಲಿ ರಾತ್ರಿ ರಾತ್ರಿ ನುಡಿಸಿ ಪಳಗಿದರು. 1965ರಲ್ಲಿ ಬಾಬ್ ಡಿಲನ್ ಇವರನ್ನು ಕರೆಸಿಕೊಂಡರು. ಆಗ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡಿದ್ದರು, ಅವರ ಫೋಕ್ ಅಭಿಮಾನಿಗಳಿಗೆ ಸಿಟ್ಟು ಬಂದಿತ್ತು. ಊರೂರಿನಲ್ಲಿ ಜನ ಕೂಗಾಡಿ ಬೈದರು. ಲೀವನ್‌ಗೆ ಅದು ಸಾಕಾಗಿಹೋಯಿತು. ಬಿಟ್ಟು ಹೋಗಿ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ತೆಗೆಯುವ ಕಟ್ಟೆಯ ಮೇಲೆ ಕೂಲಿ ಮಾಡಿದರು. 1967ರಲ್ಲಿ ವಾಪಸ್ ಬಂದರು.

ಬಿಗ್ ಪಿಂಕ್ ಮೊದಲೋ, ಬ್ರೌನ್ ಆಲ್ಬಮ್ ಮೊದಲೋ?

ನಿಜವಾದ ಆಯ್ಕೆ ಈ ಎರಡರ ನಡುವೆ, ಅಂದರೆ ತಂಡದ ಮೊದಲ ಮತ್ತು ಎರಡನೇ ಆಲ್ಬಮ್ ನಡುವೆ. ಉಳಿದದ್ದೆಲ್ಲ ಆಮೇಲಿನ ಮಾತು.

'ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್' ಬಂದದ್ದು 1968ರ ಜುಲೈಯಲ್ಲಿ. ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಹತ್ತಿರ, ವೆಸ್ಟ್ ಸಾಗರ್ಟಿಸ್‌ನಲ್ಲಿ ತಂಡದವರು ಬಾಡಿಗೆಗೆ ಹಿಡಿದಿದ್ದ ಗುಲಾಬಿ ಬಣ್ಣದ ಮನೆಯ ಹೆಸರೇ ಬಿಗ್ ಪಿಂಕ್. ಅದರ ನೆಲಮಾಳಿಗೆಯಲ್ಲಿ 1967ರಲ್ಲಿ ಡಿಲನ್ ಜೊತೆ ಕೂತು ನೂರಕ್ಕೂ ಹೆಚ್ಚು ಹಾಡು ನುಡಿಸಿದರು. ಹಳೆಯ ಫೋಕ್, ಹಳೆಯ ಕಂಟ್ರಿ, ಹೊಸದಾಗಿ ಆಗಲೇ ಬರೆದದ್ದು. ಆಲ್ಬಮ್ ರೆಕಾರ್ಡ್ ಆದದ್ದು ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಸ್ಟುಡಿಯೋಗಳಲ್ಲಿ. ಆದರೆ ಅದರ ಗುಣ ಆ ನೆಲಮಾಳಿಗೆಯದೇ. ನಿರ್ಮಾಪಕ ಜಾನ್ ಸೈಮನ್. ಹೊದಿಕೆಯ ಮೇಲಿನ ಚಿತ್ರ ಡಿಲನ್ ಬರೆದದ್ದು.

ಆ ನೆಲಮಾಳಿಗೆಗೂ ನಮ್ಮ ದೇಶಕ್ಕೂ ಒಂದು ಕೊಂಡಿ ಇದೆ. ಬಂಗಾಳದ ಬಾವುಲ್ ಗಾಯಕರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್ 1967ರಲ್ಲಿ ವುಡ್‌ಸ್ಟಾಕ್‌ಗೆ ಬಂದಿದ್ದರು. ಅವರ ಹಾಡುಗಳನ್ನು ಗಾರ್ತ್ ಹಡ್ಸನ್ ಅದೇ ಬಿಗ್ ಪಿಂಕ್‌ನಲ್ಲಿ ರೆಕಾರ್ಡ್ ಮಾಡಿದರು. ಅದು ಬೇರೆಯೇ ಆಲ್ಬಮ್ ಆಗಿ ಹೊರಬಂತು. ಆ ವರ್ಷದ ಕೊನೆಗೆ ಬಂದ ಡಿಲನ್ ಆಲ್ಬಮ್ 'ಜಾನ್ ವೆಸ್ಲಿ ಹಾರ್ಡಿಂಗ್' ಮುಖಪುಟದಲ್ಲಿ ಡಿಲನ್ ಪಕ್ಕ ನಿಂತಿರುವವರೂ ಇದೇ ಬಾವುಲರು.

1968 ಅಂದರೆ ಗಿಟಾರ್ ಕಿರುಚುತ್ತಿದ್ದ ಕಾಲ. ಒಂದೊಂದು ಹಾಡಿಗೆ ಹತ್ತು ನಿಮಿಷದ ಸೋಲೋ. ಅಪ್ಪ ಅಮ್ಮನ ವಿರುದ್ಧ ತಿರುಗಿ ಬೀಳುವುದೇ ಯುವಕರ ಗುರುತು. ಆಗ ಇವರು ಮೊದಲ ಆಲ್ಬಮ್ಮಿನ ಮೊದಲ ಹಾಡನ್ನೇ ನಿಧಾನಗತಿಯಲ್ಲಿ ಇಟ್ಟರು. 'ಟಿಯರ್ಸ್ ಆಫ್ ರೇಜ್' ಅದರ ಹೆಸರು. ಮಗಳಿಂದ ನೊಂದ ತಂದೆಯ ದುಃಖ. ಮ್ಯಾನ್ಯುಯೆಲ್ ಅದನ್ನು ಹಾಡುವಾಗ ದನಿ ಮೇಲೆ ಹೋಗಿ ಒಡೆಯುತ್ತದೆ. ಒಳಗಿನ ಫೋಟೊದಲ್ಲಿ ತಂಡದವರು ತಮ್ಮ ಅಪ್ಪ, ಅಮ್ಮ, ಅಜ್ಜ, ಚಿಕ್ಕಪ್ಪ, ಮಕ್ಕಳ ಜೊತೆ ನಿಂತಿದ್ದಾರೆ, ಮದುವೆ ಮನೆಯ ಫೋಟೊದ ಥರ. ಒಂಟಾರಿಯೊದಲ್ಲಿ ಡ್ಯಾಂಕೊ ಮನೆಯವರ ಜಮೀನಿನಲ್ಲಿ ತೆಗೆದದ್ದು. ಆ ಕಾಲದ ಸಂಗೀತಗಾರರಿಗೆ ಇದು ಎಷ್ಟು ಹೊಸದಾಗಿ ಕಂಡಿರಬೇಕು ನೋಡಿ. ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಈ ಆಲ್ಬಮ್ ಕೇಳಿ ತಮ್ಮ ದಾರಿಯನ್ನೇ ಬದಲಿಸಿಕೊಳ್ಳುವ ಯೋಚನೆ ಮಾಡಿದರು. ಅದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ.

ಇದರಲ್ಲೇ ಇರುವುದು 'ದಿ ವೆಯ್ಟ್'. ಈ ತಂಡದ ಒಂದೇ ಒಂದು ಹಾಡು ಗೊತ್ತಿದ್ದರೆ ಅದು ಇದೇ ಆಗಿರುತ್ತದೆ. ದಣಿದ ಪ್ರಯಾಣಿಕನೊಬ್ಬ ನಜರೆತ್ ಅನ್ನುವ ಊರಿಗೆ ಬರುತ್ತಾನೆ. ಬೈಬಲ್ಲಿನ ಊರಲ್ಲ, ಪೆನ್ಸಿಲ್ವೇನಿಯಾದ ನಜರೆತ್; ಮಾರ್ಟಿನ್ ಗಿಟಾರ್‌ಗಳನ್ನು ಮಾಡುವ ಊರು. ಮೊದಲ ಚರಣಗಳನ್ನು ಲೀವನ್ ಹಾಡುತ್ತಾರೆ. ನಾಲ್ಕನೆಯದಕ್ಕೆ ಡ್ಯಾಂಕೊ ಬರುತ್ತಾರೆ. ಪಲ್ಲವಿ ಮುಗಿಯುವ ಜಾಗದಲ್ಲಿ ದನಿಗಳು ಒಂದರ ಹಿಂದೆ ಒಂದು ಬಂದು ಕೂಡಿಕೊಳ್ಳುತ್ತವೆ. ಅದೇ ಪದ, ಬೇರೆ ಬೇರೆ ಕ್ಷಣ, ಬೇರೆ ಬೇರೆ ಎತ್ತರ. ಹೆಡ್‌ಫೋನ್ ಹಾಕಿಕೊಂಡು ಆ ಜಾಗವನ್ನು ಮತ್ತೆ ಮತ್ತೆ ಕೇಳಿ. ದಿ ಬ್ಯಾಂಡ್ ಅಂದರೆ ಏನು ಅನ್ನುವುದಕ್ಕೆ ಅಷ್ಟು ಸಾಕು.

ಹಾಗಾದರೆ ಬಿಗ್ ಪಿಂಕ್‌ನಿಂದಲೇ ಶುರು ಮಾಡಬಹುದಲ್ವಾ? ಮಾಡಬಹುದು. ಆದರೆ ನಾನು ಹೇಳುವುದು ಬ್ರೌನ್ ಆಲ್ಬಮ್.

ಅದರ ನಿಜ ಹೆಸರು 'ದಿ ಬ್ಯಾಂಡ್' ಅಷ್ಟೆ. ಹೊದಿಕೆ ಕಂದು ಬಣ್ಣದ್ದಾದ್ದರಿಂದ ಎಲ್ಲರೂ ಬ್ರೌನ್ ಆಲ್ಬಮ್ ಅನ್ನುತ್ತಾರೆ. 1969ರ ಸೆಪ್ಟೆಂಬರ್‌ನಲ್ಲಿ ಬಂತು. ಸ್ಟುಡಿಯೋಗೆ ಹೋಗುವ ಬದಲು ಲಾಸ್ ಏಂಜಲೀಸ್‌ನಲ್ಲಿ ಗಾಯಕ, ನಟ ಸ್ಯಾಮಿ ಡೇವಿಸ್ ಜೂನಿಯರ್ ಅವರ ಮನೆಯನ್ನು ಬಾಡಿಗೆಗೆ ಹಿಡಿದರು. ಈಜುಕೊಳದ ಪಕ್ಕದ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡರು. ಹೆಚ್ಚಿನ ಹಾಡುಗಳು ಅಲ್ಲೇ ಆದವು. ದನಿ ಒಣಗಿದ ಹಾಗಿದೆ, ಗುಂಯ್‌ಗುಡುವಿಕೆ ಇಲ್ಲ. ಡ್ರಮ್ಸ್ ಮರದ ಸದ್ದು ಮಾಡುತ್ತದೆ. ಐವರೂ ನಮ್ಮ ಎದುರಿಗೇ ಕೂತ ಹಾಗೆ.

ಬಿಗ್ ಪಿಂಕ್‌ನ 11 ಹಾಡುಗಳಲ್ಲಿ 3ಕ್ಕೆ ಡಿಲನ್ ಕೈ ಇದೆ. ಒಂದು, 'ಲಾಂಗ್ ಬ್ಲ್ಯಾಕ್ ವೇಲ್', ಲೆಫ್ಟಿ ಫ್ರಿಜೆಲ್ 1959ರಲ್ಲಿ ಹಾಡಿದ ಕಂಟ್ರಿ ಹಾಡು. ಬ್ರೌನ್ ಆಲ್ಬಮ್‌ನ 12 ಹಾಡುಗಳೂ ಇವರದೇ. ಇದು ನನಗೆ ದೊಡ್ಡ ವ್ಯತ್ಯಾಸ. ಮೊದಲನೆಯದರಲ್ಲಿ ಡಿಲನ್ ನೆರಳು ಅಲ್ಲಲ್ಲಿ ಬೀಳುತ್ತದೆ. ಎರಡನೆಯದರಲ್ಲಿ ಯಾರ ನೆರಳೂ ಇಲ್ಲ.

'ರಾಗ್ ಮಾಮಾ ರಾಗ್' ತೆಗೆದುಕೊಳ್ಳಿ. ಡ್ರಮ್ಸ್‌ನವರಾದ ಲೀವನ್ ಮ್ಯಾಂಡೊಲಿನ್ ಹಿಡಿದಿದ್ದಾರೆ, ಹಾಡುವವರೂ ಅವರೇ. ಪಿಯಾನೋದವರಾದ ಮ್ಯಾನ್ಯುಯೆಲ್ ಡ್ರಮ್ಸ್ ಮೇಲೆ. ಆರ್ಗನ್ ಬಿಟ್ಟು ಹಡ್ಸನ್ ಪಿಯಾನೋದಲ್ಲಿ. ಬಾಸ್ ಕೆಳಗಿಟ್ಟು ಡ್ಯಾಂಕೊ ಪಿಟೀಲು. ಹಾಗಾದರೆ ಬಾಸ್ ಜಾಗದಲ್ಲಿ ಯಾರು? ನಿರ್ಮಾಪಕ ಜಾನ್ ಸೈಮನ್ ಟ್ಯೂಬಾ ಊದುತ್ತಿದ್ದಾರೆ! ಹೀಗೆ ಜಾಗ ಅದಲುಬದಲು ಮಾಡಿಕೊಂಡ ಮೇಲೂ ತಾಳ ಒಂದು ಎಳೆಯಷ್ಟೂ ಜಾರುವುದಿಲ್ಲ. 'ಅಪ್ ಆನ್ ಕ್ರಿಪಲ್ ಕ್ರೀಕ್'ನಲ್ಲಿ ಕಪ್ಪೆ ವಟಗುಟ್ಟಿದಂಥ ಒಂದು ಸದ್ದು ಬರುತ್ತದೆ. ಅದು ಹಡ್ಸನ್ ಅವರ ಕ್ಲಾವಿನೆಟ್ ಅನ್ನುವ ಎಲೆಕ್ಟ್ರಿಕ್ ಕೀಬೋರ್ಡ್, ಗಿಟಾರ್‌ಗೆ ಬಳಸುವ ವಾವಾ ಪೆಡಲ್‌ಗೆ ಹಾಕಿದ್ದು. ಆಮೇಲೆ 1970ರ ದಶಕದ ಫಂಕ್ ಸಂಗೀತದಲ್ಲಿ ಈ ಥರದ ಸದ್ದು ಎಲ್ಲ ಕಡೆ ಕೇಳಿಬಂತು.

ಕೊನೆಯ ಹಾಡು 'ಕಿಂಗ್ ಹಾರ್ವೆಸ್ಟ್' ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ನಮ್ಮಂಥ ರೈತರ ನಾಡಿನವರಿಗೆ ಅದು ನೇರ ಎದೆಗೆ ಬರುತ್ತದೆ. ಬರ ಬಿದ್ದು ಬೆಳೆ ಹೋದ, ಕೊಟ್ಟಿಗೆ ಸುಟ್ಟುಹೋದ, ಪೇಟೆ ಸೇರಿ ಕೂಲಿಗೆ ನಿಂತ ರೈತನೊಬ್ಬ ಕಾರ್ಮಿಕ ಸಂಘವನ್ನು ನಂಬಿಕೊಂಡಿದ್ದಾನೆ. ಚರಣದಲ್ಲಿ ಮ್ಯಾನ್ಯುಯೆಲ್ ದನಿ ಬಿಗಿಯಾಗಿದೆ. ಮನುಷ್ಯ ಬೇಡುತ್ತಿದ್ದಾನೋ ಬೆದರಿದ್ದಾನೋ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಪಲ್ಲವಿ ಬಂದಾಗ ಹಾಡು ಜೋರಾಗುತ್ತದೆ. ಇಲ್ಲಿ ತಿರುಗಾಮುರುಗಾ. ಪಲ್ಲವಿ ಬರುವಾಗ ಎಲ್ಲವೂ ತಗ್ಗುತ್ತದೆ, ಹೊಲದ ಮೇಲೆ ಗಾಳಿ ಬೀಸುವಷ್ಟು ಮೆತ್ತಗೆ. ಸುಗ್ಗಿಯ ಕನಸು ಮೆತ್ತಗೆ, ಬದುಕಿನ ಕಷ್ಟ ಜೋರಾಗಿ. ಕೊನೆಯಲ್ಲಿ ರಾಬರ್ಟ್‌ಸನ್ ಗಿಟಾರ್ ಬರುತ್ತದೆ. ಸ್ವರಗಳು ಕಮ್ಮಿ, ಒಂದೊಂದೂ ಹಿಂಡಿ ತೆಗೆದದ್ದು. ಯಾರಿಗೂ ತಾನು ದೊಡ್ಡವನು ಅಂತ ತೋರಿಸುವ ಹಂಬಲ ಇಲ್ಲದ ಗಿಟಾರ್ ಅದು.

ಈ ಆಲ್ಬಮ್ ಮೇಲೆ ಇರುವ ಒಂದು ಆಕ್ಷೇಪವನ್ನೂ ತಿಳಿದಿರಬೇಕು. 'ದಿ ನೈಟ್ ದೆ ಡ್ರೋವ್ ಓಲ್ಡ್ ಡಿಕ್ಸಿ ಡೌನ್' ಹಾಡು ಅಮೆರಿಕದ ಅಂತರ್ಯುದ್ಧದ ಕೊನೆಯ ದಿನಗಳದ್ದು. 1865ರ ಚಳಿಗಾಲ, ಸೋತ ದಕ್ಷಿಣದ ಬಡ ಬಿಳಿಯನೊಬ್ಬನ ಬಾಯಿಂದ ಬರುವ ಕಥೆ. ಹಸಿವು, ಸತ್ತ ಅಣ್ಣ, ಮುರಿದುಬಿದ್ದ ರೈಲು ದಾರಿ ಎಲ್ಲ ಇದೆ. ಯಾವುದಕ್ಕಾಗಿ ಆ ಯುದ್ಧ ನಡೆಯಿತೋ ಆ ಗುಲಾಮಗಿರಿಯ ಮಾತಿಲ್ಲ. ಇದು ದಕ್ಷಿಣದ ಹಳೆಯ ದರ್ಪಕ್ಕೆ ಕಣ್ಣೀರು ಹಾಕುವುದಲ್ಲವೇ ಎಂದು ಕೇಳುವವರಿದ್ದಾರೆ, ಕೇಳುವುದರಲ್ಲಿ ಅರ್ಥವಿದೆ. ನನ್ನ ಮಟ್ಟಿಗೆ ಅದು ಸೋತ ಒಬ್ಬ ಮನುಷ್ಯನ ಹಾಡು, ಸೋತ ಪಕ್ಷದ ಹಾಡಲ್ಲ. ಆದರೆ ಕೇಳುವಾಗ ಹೇಳದೆ ಬಿಟ್ಟದ್ದೂ ನೆನಪಿರಬೇಕು. ಫೋಕ್ ಗಾಯಕಿ ಜೋನ್ ಬಯೆಜ್ 1971ರಲ್ಲಿ ಇದನ್ನು ಹಾಡಿದಾಗ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಅದು ಸಲೀಸಾಗಿ ಹಾಡಿಕೊಳ್ಳುವಂತಿದೆ. ಲೀವನ್ ಹಾಡಿದ್ದು ಹಾಗಿಲ್ಲ, ನೋಯುತ್ತದೆ.

ಒಟ್ಟಿನಲ್ಲಿ ನನ್ನ ಸಲಹೆ ಹೀಗಿದೆ. ಸಂಗೀತವನ್ನು ಕಥೆಯಾಗಿ ಕೇಳುವ ಅಭ್ಯಾಸ ಇದ್ದವರಿಗೆ ಬ್ರೌನ್ ಆಲ್ಬಮ್. ಮುಕ್ಕಾಲು ಗಂಟೆಗಿಂತ ಸ್ವಲ್ಪ ಕಮ್ಮಿ. ಒಂದೇ ಬೈಠಕ್‌ನಲ್ಲಿ ಮೊದಲಿಂದ ಕೊನೆವರೆಗೆ ಕೇಳಿ, ಹಾಡು ಹಾರಿಸಬೇಡಿ. ಡಿಲನ್ ಮೊದಲೇ ಗೊತ್ತಿದ್ದು ಇಷ್ಟ ಇದ್ದರೆ, ಅಥವಾ ಚರ್ಚಿನ ಆರ್ಗನ್, ಗಾಸ್ಪೆಲ್ ಕಡೆ ಮನಸ್ಸು ಎಳೆದರೆ ಬಿಗ್ ಪಿಂಕ್. ಅದು ತಿಳಿಯಲು ಮೂರು ನಾಲ್ಕು ಸಲ ಕೇಳಬೇಕಾಗುತ್ತದೆ, ತಾಳ್ಮೆ ಇರಲಿ.

ಕಛೇರಿಯೇ ಬೇಕೆಂದರೆ

ಹೆಚ್ಚಿನವರು ದಿ ಬ್ಯಾಂಡ್ ಹೆಸರು ಕೇಳುವುದು 'ದಿ ಲಾಸ್ಟ್ ವಾಲ್ಟ್ಸ್' ಸಿನಿಮಾದಿಂದ. 1976ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್ ಸಭಾಂಗಣ. ಸುಮಾರು 5,000 ಜನ. ಆಯೋಜಕ ಬಿಲ್ ಗ್ರಹಾಂ ಎಲ್ಲರಿಗೂ ಹಬ್ಬದ ಊಟ ಹಾಕಿಸಿದರು. ಆಮೇಲೆ ಕಛೇರಿ. ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ಅದನ್ನು ಚಿತ್ರೀಕರಿಸಿದರು, ಸಿನಿಮಾ 1978ರಲ್ಲಿ ಬಂತು. ಮಡ್ಡಿ ವಾಟರ್ಸ್, ಜೋನಿ ಮಿಚೆಲ್, ನೀಲ್ ಯಂಗ್, ವ್ಯಾನ್ ಮಾರಿಸನ್, ಡಾಕ್ಟರ್ ಜಾನ್, ಕ್ಲಾಪ್ಟನ್, ಡಿಲನ್, ಹಳೆಯ ಯಜಮಾನ ರಾನಿ ಹಾಕಿನ್ಸ್ ಕೂಡ ವೇದಿಕೆಗೆ ಬಂದರು.

ನೋಡಲು ಅದ್ಭುತ. ಎರಡು ಗಂಟೆ ಇದ್ದರೆ ನೋಡಿ. ಆದರೆ ತಂಡದ ಪರಿಚಯಕ್ಕೆ ಅದು ಸರಿಯಾದ ಬಾಗಿಲಲ್ಲ. ಕ್ಯಾಮೆರಾ ರಾಬರ್ಟ್‌ಸನ್ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಸಿನಿಮಾದ ನಿರ್ಮಾಪಕರೂ ಅವರೇ. ಮ್ಯಾನ್ಯುಯೆಲ್ ಮುಖ ಕಾಣುವುದೇ ಅಪರೂಪ. ಲೀವನ್‌ಗೆ ಇದರ ಬಗ್ಗೆ ಕೊನೆಯವರೆಗೂ ಕಹಿ ಇತ್ತು, 1993ರ ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾರೆ. ಹಾಡುಗಳು ಯಾರ ಹೆಸರಿನಲ್ಲಿ ನೋಂದಣಿಯಾದವು ಅನ್ನುವ ಜಗಳವೂ ಅವರಿಬ್ಬರ ನಡುವೆ ಇತ್ತು. ಸಾಲದ್ದಕ್ಕೆ ಕಛೇರಿಯ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಸಾಕಷ್ಟು ತಿದ್ದಲಾಗಿದೆ.

ಆದರೂ ಒಂದು ಭಾಗವನ್ನು ಯಾರೂ ತಪ್ಪಿಸಿಕೊಳ್ಳಬಾರದು. ಸಭಾಂಗಣದಲ್ಲಿ ಅಲ್ಲ, ಆಮೇಲೆ ಶೂಟಿಂಗ್ ಸೆಟ್‌ನಲ್ಲಿ ತೆಗೆದದ್ದು. 'ದಿ ವೆಯ್ಟ್' ಹಾಡನ್ನು ಸ್ಟೇಪಲ್ ಸಿಂಗರ್ಸ್ ಜೊತೆ ಹಾಡುತ್ತಾರೆ. ಅಪ್ಪ ಪಾಪ್ಸ್ ಸ್ಟೇಪಲ್ಸ್, ಮಗಳು ಮೇವಿಸ್, ಮನೆಮಂದಿ. ಕರಿಯರ ಚರ್ಚಿನ ಗಾಸ್ಪೆಲ್‌ನಿಂದ ಬಂದ ಕುಟುಂಬ. ಮೇವಿಸ್ ತಮ್ಮ ಚರಣ ಎತ್ತಿಕೊಂಡಾಗ ಈ ಹಾಡಿನ ಬೇರು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ರೂಟ್ಸ್ ರಾಕ್ ಅಂದರೇನು ಅಂತ ಯಾರಿಗಾದರೂ ತೋರಿಸಬೇಕಾದರೆ ನಾನು ಇದನ್ನೇ ತೋರಿಸುತ್ತೇನೆ.

ಕಿವಿಗೆ ಕಛೇರಿ ಬೇಕೆಂದರೆ ಮಾತ್ರ 'ರಾಕ್ ಆಫ್ ಏಜಸ್' ತೆಗೆದುಕೊಳ್ಳಿ. ನ್ಯೂಯಾರ್ಕ್‌ನ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ 1971ರ ಡಿಸೆಂಬರ್ 28ರಿಂದ 31ರವರೆಗೆ ನಾಲ್ಕು ರಾತ್ರಿ ನಡೆದದ್ದು. 1972ರಲ್ಲಿ ಎರಡು ತಟ್ಟೆಗಳ ಆಲ್ಬಮ್ ಆಗಿ ಬಂತು. ನ್ಯೂ ಆರ್ಲಿಯನ್ಸ್‌ನ ಸಂಗೀತಗಾರ ಆಲನ್ ಟೂಸಾಂಟ್ ಇದಕ್ಕೆ ಟ್ರಂಪೆಟ್, ಸ್ಯಾಕ್ಸೋಫೋನ್, ಟ್ಯೂಬಾಗಳ ಸ್ವರ ಬರೆದರು. ಮೊದಲು ಬರೆದದ್ದು ಪ್ರಯಾಣದಲ್ಲಿ ಕಳೆದುಹೋಯಿತು. ವುಡ್‌ಸ್ಟಾಕ್‌ನ ಹಿಮದಲ್ಲಿ ಕೂತು ಎಲ್ಲವನ್ನೂ ಮತ್ತೆ ಬರೆದರು. ನಮ್ಮ ಸಿನಿಮಾ ಹಾಡುಗಳಲ್ಲಿ ತುತ್ತೂರಿ, ಸ್ಯಾಕ್ಸ್ ಕೇಳಿ ಬೆಳೆದವರಿಗೆ ಈ ಆಲ್ಬಮ್ ಬೇಗ ಒಗ್ಗುತ್ತದೆ. ಸೋಲ್ ಗಾಯಕ ಮಾರ್ವಿನ್ ಗೇ ಹಾಡಿದ್ದ ಹಾಡಿನ ಇವರ ರೂಪ 'ಡೋಂಟ್ ಡೂ ಇಟ್' ಶುರುವಾದ ಕ್ಷಣದಿಂದ ಕಾಲು ಸುಮ್ನೆ ಇರುವುದಿಲ್ಲ.

ಹೊಸ ವರ್ಷದ ಮುನ್ನಾದಿನದ ರಾತ್ರಿ ಹಡ್ಸನ್ ಒಬ್ಬರೇ ಆರ್ಗನ್ ನುಡಿಸುತ್ತಾ ಹೋಗುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಕ್ ಅವರ ನೆನಪು, ಚರ್ಚಿನ ಸ್ತೋತ್ರ, ಜಾತ್ರೆಯ ಸಂಗೀತ, ಎಲ್ಲವೂ ಬೆರಳಿನಿಂದ ಉಕ್ಕಿ ಬರುತ್ತದೆ. ಗಡಿಯಾರ ಹನ್ನೆರಡು ಹೊಡೆದಾಗ ಹೊಸ ವರ್ಷದ ಹಾಡಿನ ಸ್ವರಕ್ಕೆ ಹೊರಳುತ್ತಾರೆ. ಅಲ್ಲಿಂದ ನೇರ 'ಚೆಸ್ಟ್ ಫೀವರ್'ಗೆ ಧುಮುಕುತ್ತಾರೆ. ಇಡೀ ತಂಡ ಕೂಡಿಕೊಳ್ಳುತ್ತದೆ. ಲಾಸ್ಟ್ ವಾಲ್ಟ್ಸ್‌ನ ಅತಿಥಿಗಳ ಸಾಲಿಗೆ ಹೋಲಿಸಿದರೆ ಇಲ್ಲಿ ಹೆಸರುಗಳು ಕಮ್ಮಿ, ತಂಡ ಜಾಸ್ತಿ. ನನ್ನ ಅಳತೆಯಲ್ಲಿ ಗೆಲ್ಲುವುದು ಇದೇ.

ಉಳಿದವು, ಬೇಗ ಬೇಗ

'ಸ್ಟೇಜ್ ಫ್ರೈಟ್', 1970. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಬ್ರೌನ್ ಆಲ್ಬಮ್ ಕೂಡ 9ರಲ್ಲೇ ನಿಂತಿತ್ತು. 'ದಿ ಶೇಪ್ ಐ ಆಮ್ ಇನ್' ಮತ್ತು ಶೀರ್ಷಿಕೆ ಹಾಡು ಗಟ್ಟಿ. ಆದರೆ ಹಳ್ಳಿ, ಜಮೀನು, ಹಳೆಯ ಕಾಲ ಹಿಂದೆ ಸರಿದು ಭಯ, ಸುಸ್ತು ಮುಂದೆ ಬಂದಿದೆ. ಮೂರನೆಯದಾಗಿ ಕೇಳಿ.

ಇದರ ಮುಂದೆ ಏನಾಯಿತು ಅನ್ನುವುದನ್ನು ಹಾಡು ಬರೆದವರ ಹೆಸರುಗಳೇ ಹೇಳುತ್ತವೆ. ಮ್ಯಾನ್ಯುಯೆಲ್ ಒಬ್ಬರೇ ಅಥವಾ ಬೇರೆಯವರ ಜೊತೆ ಸೇರಿ ಬರೆದದ್ದು ಬಿಗ್ ಪಿಂಕ್‌ನಲ್ಲಿ 4, ಬ್ರೌನ್‌ನಲ್ಲಿ 3, ಸ್ಟೇಜ್ ಫ್ರೈಟ್‌ನಲ್ಲಿ 2. ಅದರ ಮುಂದಿನ 'ಕಹೂಟ್ಸ್'ನಲ್ಲಿ ಒಂದೂ ಇಲ್ಲ. ನಾನು ಮೊದಲೇ ಹೇಳಿದ ಅಳತೆ ಇಲ್ಲಿ ಲೆಕ್ಕದಲ್ಲೇ ಸಿಗುತ್ತದೆ. ಐವರ ಮೇಲೆ ನಿಂತದ್ದು ಬರಬರುತ್ತಾ ಒಬ್ಬರ ಮೇಲೆ ಬಿತ್ತು. ಹಾಗಾಗಿ 1971ರ 'ಕಹೂಟ್ಸ್' ಕೊನೆಗಿರಲಿ. 'ಲೈಫ್ ಈಸ್ ಎ ಕಾರ್ನಿವಲ್' ಒಂದನ್ನು ಮಾತ್ರ ಈಗಲೇ ಕೇಳಿ. ಟೂಸಾಂಟ್ ಜೊತೆಗಿನ ನಂಟು ಶುರುವಾದದ್ದು ಆ ಹಾಡಿನಿಂದ.

1973ರ 'ಮೂನ್‌ಡಾಗ್ ಮ್ಯಾಟಿನೀ' ಪೂರ್ತಿ ಬೇರೆಯವರ ಹಳೆಯ ಹಾಡುಗಳು. ಬಾರುಗಳಲ್ಲಿ ನುಡಿಸುತ್ತಿದ್ದ ಕಾಲದ ರಿದಮ್ ಅಂಡ್ ಬ್ಲೂಸ್. ಸೋಲ್ ಪ್ರಿಯರು ಇದನ್ನು ಮುಂದಕ್ಕೆ ತಂದುಕೊಳ್ಳಬಹುದು. ಮ್ಯಾನ್ಯುಯೆಲ್ 'ದಿ ಗ್ರೇಟ್ ಪ್ರಿಟೆಂಡರ್' ಮತ್ತು 'ಶೇರ್ ಯುವರ್ ಲವ್' ಹಾಡಿರುವುದನ್ನು ಕೇಳಿದ ಮೇಲೆ ನಾನು ಅವರ ದನಿಯನ್ನು ಯಾಕೆ ಅಷ್ಟು ಮೆಚ್ಚುತ್ತೇನೆ ಅಂತ ಗೊತ್ತಾಗುತ್ತದೆ.

1975ರ 'ನಾರ್ದರ್ನ್ ಲೈಟ್ಸ್–ಸದರ್ನ್ ಕ್ರಾಸ್' ನನ್ನ ಅಳತೆಗೇ ಸವಾಲು ಹಾಕುತ್ತದೆ. 8 ಹಾಡು, ಎಲ್ಲವೂ ರಾಬರ್ಟ್‌ಸನ್ ಬರೆದದ್ದು. ಆದರೂ ಮೂರು ದನಿಗಳೂ ಮತ್ತೆ ಒಂದಾಗುತ್ತವೆ. 'ಅಕೇಡಿಯನ್ ಡ್ರಿಫ್ಟ್‌ವುಡ್' ಅದಕ್ಕೆ ಸಾಕ್ಷಿ. 1755ರಿಂದ ಮುಂದೆ ಬ್ರಿಟಿಷರು ನೋವಾ ಸ್ಕೋಶಿಯಾದಿಂದ ಫ್ರೆಂಚ್ ಮಾತಾಡುವ ಅಕೇಡಿಯನ್ ಜನರನ್ನು ಎಬ್ಬಿಸಿ ಓಡಿಸಿದ ಕಥೆ. ಹಲವರು ದೂರದ ಲೂಸಿಯಾನಾ ಸೇರಿ ಕೇಜನ್ ಜನ ಎನ್ನಿಸಿಕೊಂಡರು. ಲೀವನ್, ಡ್ಯಾಂಕೊ, ಮ್ಯಾನ್ಯುಯೆಲ್ ಮೂವರೂ ಸಾಲು ಹಂಚಿಕೊಂಡು ಹಾಡುತ್ತಾರೆ. ಊರು ಬಿಟ್ಟ ಇಡೀ ಜನಸಮೂಹವೇ ಮಾತಾಡಿದ ಹಾಗೆ ಆಗುತ್ತದೆ. ಪಿಟೀಲು ಬೈರನ್ ಬರ್ಲೈನ್ ಅವರದು. 'ಇಟ್ ಮೇಕ್ಸ್ ನೋ ಡಿಫರೆನ್ಸ್'ನಲ್ಲಿ ಡ್ಯಾಂಕೊ ತಮ್ಮ ಇಡೀ ಬದುಕನ್ನೇ ಸುರಿದಿದ್ದಾರೆ. ಬ್ರೌನ್ ಮತ್ತು ಬಿಗ್ ಪಿಂಕ್ ಎರಡೂ ಇಷ್ಟವಾದ ಮೇಲೆ ಸ್ಟೇಜ್ ಫ್ರೈಟ್ ಬಿಟ್ಟು ನೇರ ಇದಕ್ಕೆ ಬಂದರೂ ತಪ್ಪಿಲ್ಲ. 1977ರ 'ಐಲ್ಯಾಂಡ್ಸ್' ಕರಾರು ಮುಗಿಸಲು ಮಾಡಿದ ಆಲ್ಬಮ್; ಅಭಿಮಾನಿಯಾದ ಮೇಲೆ ಸಾಕು.

ಯಾವ ಆವೃತ್ತಿ?

ಆ್ಯಪ್‌ನಲ್ಲಿ ಒಂದೇ ಆಲ್ಬಮ್ ಎರಡು ಮೂರು ಸಲ ಕಾಣುತ್ತದೆ. ಬಿಗ್ ಪಿಂಕ್‌ಗೆ 2018ರಲ್ಲಿ, ಬ್ರೌನ್‌ಗೆ 2019ರಲ್ಲಿ 50 ವರ್ಷದ ನೆನಪಿಗೆ ಬಾಬ್ ಕ್ಲಿಯರ್‌ಮೌಂಟನ್ ಹೊಸ ಮಿಕ್ಸ್ ಮಾಡಿದರು. ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ಯಾರು ಏನು ನುಡಿಸುತ್ತಿದ್ದಾರೆ ಅಂತ ತಿಳಿಯಲು ಚೆನ್ನಾಗಿದೆ. ಆದರೆ ಮೊದಲು ಹಳೆಯ ಮಿಕ್ಸ್ ಕೇಳಿ. ಅದರ ಮಬ್ಬಿನಲ್ಲಿ ದನಿಗಳು ಒಂದರೊಳಗೊಂದು ಸೇರಿಕೊಂಡಿವೆ, ಅದೇ ಬೇಕಾದದ್ದು.

ರಾಕ್ ಆಫ್ ಏಜಸ್‌ನ ಅದೇ ನಾಲ್ಕು ರಾತ್ರಿಗಳ ದೊಡ್ಡ ಬಾಕ್ಸ್ ಸೆಟ್ 2013ರಲ್ಲಿ 'ಲೈವ್ ಅಟ್ ದಿ ಅಕಾಡೆಮಿ ಆಫ್ ಮ್ಯೂಸಿಕ್ 1971' ಹೆಸರಿನಲ್ಲಿ ಬಂತು. ಹಾಡುಗಳು ಇನ್ನೂ ಬೇಕು ಅನ್ನಿಸಿದರೆ ಅದಿದೆ. ನೆಲಮಾಳಿಗೆಯ ಹಾಡುಗಳಿಗೂ ಎರಡು ದಾರಿ. 1975ರ 'ದಿ ಬೇಸ್‌ಮೆಂಟ್ ಟೇಪ್ಸ್'ನಲ್ಲಿ 24 ಹಾಡು, ಅದರಲ್ಲಿ 8 ದಿ ಬ್ಯಾಂಡ್‌ನವರದೇ. ಕೆಲವಕ್ಕೆ ಆಮೇಲೆ ವಾದ್ಯ ಸೇರಿಸಲಾಗಿದೆ. 2014ರ ಪೂರ್ತಿ ಸಂಗ್ರಹ 6 ಸಿಡಿಗಳದ್ದು, ತಿದ್ದದೆ ಇದ್ದದ್ದು ಇದ್ದ ಹಾಗೆ. ಸಾಮಾನ್ಯ ಕೇಳುಗರಿಗೆ ಮೊದಲನೆಯದು ಸಾಕು. 'ಬೆಸ್ಟ್ ಆಫ್' ಸಂಗ್ರಹಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಭಜನೆಯಲ್ಲಿ ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ಎತ್ತಿಕೊಂಡು ಹೋಗುವ ಹಾಗೆ ಇವರ ಹಾಡುಗಳು ಒಂದರಿಂದ ಒಂದಕ್ಕೆ ಸಾಗುತ್ತವೆ, ಆ ಕ್ರಮ ಅಲ್ಲಿ ಕೆಟ್ಟುಹೋಗುತ್ತದೆ.

ರಾಬರ್ಟ್‌ಸನ್ ಇಲ್ಲದೆ 1983ರಲ್ಲಿ ಉಳಿದವರು ಮತ್ತೆ ಸೇರಿದರು. 1986ರಲ್ಲಿ ಮ್ಯಾನ್ಯುಯೆಲ್ ತೀರಿಕೊಂಡರು. 1990ರ ದಶಕದಲ್ಲಿ ಉಳಿದವರು ಮೂರು ಆಲ್ಬಮ್ ತಂದರು. ಅವುಗಳಲ್ಲಿ 1993ರ 'ಜೆರಿಕೊ' ಕೇಳುವಂತಿದೆ. 2025ರ ಜನವರಿಯಲ್ಲಿ ಗಾರ್ತ್ ಹಡ್ಸನ್ ತೀರಿಕೊಂಡ ಮೇಲೆ ಐವರಲ್ಲಿ ಯಾರೂ ಉಳಿದಿಲ್ಲ.

ತಂಡದ ಆಲ್ಬಮ್‌ಗಳೆಲ್ಲ ಆದ ಮೇಲೆ ಇನ್ನೂ ಬೇಕು ಅನ್ನುವವರಿಗೆ ಲೀವನ್ ಹೆಲ್ಮ್ ಒಬ್ಬರೇ ಮಾಡಿದ ಎರಡು ಆಲ್ಬಮ್‌ಗಳಿವೆ. ಗಂಟಲಿನ ಕ್ಯಾನ್ಸರ್‌ನಿಂದ ಅವರ ದನಿಯೇ ಹೋಗಿತ್ತು. ನಿಧಾನವಾಗಿ ವಾಪಸ್ ಬಂತು. ವುಡ್‌ಸ್ಟಾಕ್‌ನ ತಮ್ಮ ಕೊಟ್ಟಿಗೆಯಂಥ ಸ್ಟುಡಿಯೋದಲ್ಲಿ ರಾತ್ರಿ ಕಛೇರಿ ನಡೆಸುತ್ತಾ, 2007ರಲ್ಲಿ 'ಡರ್ಟ್ ಫಾರ್ಮರ್' ತಂದರು. ಅದಕ್ಕೆ ಗ್ರ್ಯಾಮಿ ಬಂತು. 2009ರ 'ಎಲೆಕ್ಟ್ರಿಕ್ ಡರ್ಟ್'ಗೆ ಅಮೆರಿಕಾನಾ (ಅಮೆರಿಕದ ಬೇರಿನ ಸಂಗೀತ) ಆಲ್ಬಮ್ ವಿಭಾಗದ ಮೊಟ್ಟಮೊದಲ ಗ್ರ್ಯಾಮಿ ಸಿಕ್ಕಿತು. ಕಂಟ್ರಿ ಮತ್ತು ಹಳ್ಳಿಯ ಫೋಕ್ ಕಡೆ ಒಲವಿದ್ದರೆ ಮೊದಲನೆಯದು, ಬ್ಲೂಸ್ ಮತ್ತು ಟ್ರಂಪೆಟ್ ಸ್ಯಾಕ್ಸ್ ಕಡೆ ಇದ್ದರೆ ಎರಡನೆಯದು ತೆಗೆದುಕೊಳ್ಳಿ.